ಆರು ಜನ, ಐದು ತುಂಡು

ಬೆಂಗಳೂರಿನವರ ವೀಕೆಂಡು ಶುಕ್ರವಾರ ಸಂಜೆಗೇ ಶುರುವಾಗುತ್ತದೆ. ಪಾವಗಡ ಸೀಮೆಯ ನಮ್ಮ ರಾಯಚರ್ಲು ಕಡೆಯವರಿಗೆ ಅಷ್ಟು ಉದ್ದದ ವೀಕೆಂಡು ಇಲ್ಲ. ಪ್ರಮೋಷನ್ ಸಿಕ್ಕ ಖುಷಿಯಲ್ಲಿ ನನ್ನ ತಂಗಿಯ ಮಗ, "ಮಾವ, ಇಂದಿರಾನಗರದಲ್ಲಿ ಪಾರ್ಟಿ ಕೊಡ್ತೀನಿ, ಶನಿವಾರ ಟೇಬಲ್ ಬುಕ್ ಮಾಡ್ಲಾ?" ಎಂದು ಫೋನ್ ಮಾಡಿದ. ನನ್ನ ಭಾವಮೈದ ಪಾವಗಡದವನು. ಶನಿಮಹಾತ್ಮನ ಊರಿನವನು ಶನಿವಾರ ಬಾಡು, ಬಾಟಲಿ ಮುಟ್ಟುವುದುಂಟೆ? ಹಾಗಾದರೆ ಶುಕ್ರವಾರ ಎಂದ ಅಳಿಯ. ಅದು ಗೊರವನಹಳ್ಳಿ ಲಕ್ಷ್ಮಮ್ಮನ ವಾರ ಎಂದಳು ನನ್ನ ಹೆಂಡತಿ. ಸೋಮವಾರ ಹೇಗೂ ಈಶ್ವರನದು. ದೇವರುಗಳು ತಮಗೆ ಬೇಕಾದ್ದನ್ನು ಆರಿಸಿಕೊಂಡು ಭಾನುವಾರ ಒಂದನ್ನು ನಮಗೆ ಬಿಟ್ಟಿದ್ದರು.

ಭಾನುವಾರ ಇಂದಿರಾನಗರದ ಆ ಬಾರಿನ ಒಳಗೆ ಹೋದರೆ ಗವ್ವೆನ್ನುವ ಕತ್ತಲೆ. ಮೆನು ಓದಲು ಎಲ್ಲರೂ ಮೊಬೈಲ್ ಟಾರ್ಚ್ ಹಾಕಿಕೊಂಡಿದ್ದರು. ಪಾವಗಡದ ತಿರುಮಣಿ ಸುತ್ತಮುತ್ತ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆಯಲ್ಲ, ಅದನ್ನು ತನ್ನ ಹೊಲದ ಬದುವಿನಿಂದಲೇ ನೋಡುವ ಭಾವಮೈದನಿಗೆ ಇದು ಸ್ವಂತ ಅವಮಾನದ ಹಾಗೆ ಕಂಡಿತು. "ಅಷ್ಟು ಕರೆಂಟು ಕೊಡ್ತಾ ಇದೀವಿ ಭಾವ, ಒಂದು ಬಲ್ಬು ಹಾಕಕ್ಕೆ ಇವರಿಗೇನು ರೋಗ?" ಎಂದ. ಗೊಣಗಿದ್ದು ನನಗೆ ಕೇಳಿಸಲಿಲ್ಲ; ತಲೆಯ ಮೇಲೇ ಸ್ಪೀಕರು. ಮನೆಗೆ ಬಂದ ಮೇಲೆ ಮತ್ತೆ ಹೇಳಿಸಿಕೊಂಡು ನಕ್ಕೆ. ಆದರೆ ಕೂಗಿ ಕರೆದಾಗ ಆ ಗದ್ದಲದಲ್ಲಿ ವೇಟರನ ಕಿವಿಗೆ ತಲುಪಿದ್ದು ಒಂದೇ ದನಿ, ಭಾವಮೈದನದು. ಹೊಲದ ಈ ತುದಿಯಿಂದ ಆ ತುದಿಗೆ ಕೂಗಿ ರೂಢಿಯಾದ ಗಂಟಲು, ಅಲ್ಲಿದ್ದವರಿಗೆಲ್ಲ ಅಸೂಯೆ ಹುಟ್ಟಿಸಿತು.

"ಇಲ್ಲಿ ಊಟ ಅಂತ ಇರಲ್ಲ ಮಾವ, ಎಲ್ಲ ಸ್ಮಾಲ್ ಪ್ಲೇಟ್ಸ್. ತರಿಸಿ ಮಧ್ಯದಲ್ಲಿ ಇಟ್ಕೊಂಡು ಹಂಚ್ಕೊಂಡು ತಿನ್ನೋದು" ಎಂದು ಅಳಿಯ ವಿವರಿಸಿದ. ಮೊದಲು ಬಂದದ್ದು ಮಸಾಲೆ ಕಡ್ಲೆಬೀಜ. ಒಂದು ಹಿಡಿ, 250 ರೂಪಾಯಿ. ಭಾವಮೈದ ಬೆಳೆಯುವುದೇ ಕಡ್ಲೆಕಾಯಿ. 2024-25ರಲ್ಲಿ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 6,783 ರೂಪಾಯಿ ಎಂಬುದು ಅವನಿಗೆ ಬಾಯಿಪಾಠ. ಅಂದರೆ ಕಿಲೋಗೆ 68 ರೂಪಾಯಿಯೂ ಇಲ್ಲ. ಅವನು ಒಂದು ಬೀಜವನ್ನು ಎರಡು ಬೆರಳಲ್ಲಿ ಹಿಡಿದು, ಟಾರ್ಚ್ ಬೆಳಕಿನಲ್ಲಿ ತಿರುಗಿಸಿ ನೋಡಿದ. ಊರು ಬಿಟ್ಟು ಹೋಗಿ ದೊಡ್ಡ ಮನುಷ್ಯನಾದ ನೆಂಟನನ್ನು ಮಾತಾಡಿಸಲೋ ಬೇಡವೋ ಎಂಬ ಸಂಕೋಚ ಅವನ ಮುಖದಲ್ಲಿತ್ತು.

ಕಾಕ್‌ಟೇಲ್ ಬೆರೆಸುವವನನ್ನು ಮಿಕ್ಸಾಲಜಿಸ್ಟ್ ಅನ್ನಬೇಕಂತೆ. ನನಗೆ ಅವನು ಕೊಟ್ಟದ್ದು ವಿಸ್ಕಿ, ಹುಣಸೆಹಣ್ಣು, ಬೆಲ್ಲ ಸೇರಿದ ಪಾನಕ. ಲೋಟದ ಮುಕ್ಕಾಲು ಭಾಗವನ್ನು ಕನ್ನಡಿಯಂಥ ಒಂದೇ ಒಂದು ಐಸಿನ ಗಟ್ಟಿ ಆಕ್ರಮಿಸಿಕೊಂಡು, ಉಳಿದ ಜಾಗದಲ್ಲಿ ವಿಸ್ಕಿ ಬಾಡಿಗೆಗಿತ್ತು. ಮೇಲೆ ಒಂದು ಬೆರಳು ದಪ್ಪದ ಬಿಳಿ ನೊರೆ. ಮೊಟ್ಟೆಯ ಬಿಳಿಯೇ ಎಂದು ಹೆಂಡತಿ ಅನುಮಾನಪಟ್ಟಳು. ಅಲ್ಲವಂತೆ, ಕಾಬೂಲಿ ಕಡಲೆ ಬೇಯಿಸಿದ ನೀರಂತೆ. ಕಾಳಿನ ಸಾರ ಇಳಿದಿರುವುದರಿಂದ ಜೋರಾಗಿ ಕುಲುಕಿದರೆ ಮೊಟ್ಟೆಯ ಹಾಗೆಯೇ ನೊರೆ ಕಟ್ಟುತ್ತದೆ. 2014ರಲ್ಲಿ ಜೋಯೆಲ್ ರೋಸೆಲ್ ಎಂಬ ಫ್ರೆಂಚ್ ಗಾಯಕ ಈ ಗುಟ್ಟನ್ನು ಹೊರಹಾಕಿದ ಮೇಲೆ ಜಗತ್ತಿನ ಬಾರುಗಳೆಲ್ಲ ಇದರ ಹಿಂದೆ ಬಿದ್ದಿವೆ. ಹೆಂಡತಿ ಎಲ್ಲವನ್ನೂ ಕೇಳಿ, "ಅಂದ್ರೆ ಕಟ್ಟು" ಎಂದಳು. ಹುರುಳಿ ಕಟ್ಟು, ಅವರೆ ಕಟ್ಟು ಬಸಿದು ಬಸ್ಸಾರು ಮಾಡುತ್ತಲೇ ಬಂದವಳು. ಬೆಳ್ಳುಳ್ಳಿ ಒಗ್ಗರಣೆಯೇ ಇಲ್ಲದ ಕಟ್ಟಿಗೆ 700 ರೂಪಾಯಿ ಎಂಬುದು ಅವಳಿಗೆ ಕೊನೆಯವರೆಗೂ ಜೀರ್ಣವಾಗಲಿಲ್ಲ.

ಭಾವಮೈದನ ಯೌವನದಲ್ಲಿ ಈಚಲು ಹೆಂಡ ಇತ್ತು. 2004ರಲ್ಲಿ ನಮ್ಮ ಕಡೆ ಅದು ನಿಂತಿತು. ಸಾರಾಯಿ 2007ರ ಜುಲೈ 1ಕ್ಕೆ ಹೋಯಿತು. ಈಗ ಊರಲ್ಲಿ ಉಳಿದಿರುವುದು 90 ಎಂಎಲ್ ಟೆಟ್ರಾ ಪ್ಯಾಕು, ಅದರಲ್ಲಿ ನೊರೆಯ ತಾಪತ್ರಯ ಇಲ್ಲ. ಹೆಂಡಕ್ಕೆ ಹುರುಳಿ ಗುಗ್ಗರಿ ನಂಚಿಕೊಳ್ಳುತ್ತಿದ್ದುದನ್ನು ಅವನು ಅಳಿಯನ ಆಫೀಸಿನ ಗೆಳೆಯನಿಗೆ ತೆಲುಗು ಬೆರೆಸಿದ ಕನ್ನಡದಲ್ಲಿ ವರ್ಣಿಸಿದ. ದಿಲ್ಲಿಯ ಆ ಹುಡುಗ ಎಲ್ಲದಕ್ಕೂ "ಸೂಪರ್ ಅಂಕಲ್" ಎಂದ.

ಆಮೇಲೆ ಟಾಕೋ ಬಂತು. ಕುಂದಾಪುರದ ಕೋಳಿ ಘೀ ರೋಸ್ಟನ್ನು ಮೆಕ್ಸಿಕೋದ ರೊಟ್ಟಿಯಲ್ಲಿ ಮಡಚಿಟ್ಟ ಐದು ತುಂಡು. ನಾವು ಆರು ಜನ: ನಾನು, ಹೆಂಡತಿ, ಭಾವಮೈದ, ಅಳಿಯ, ಅವನ ಹೆಂಡತಿ, ದಿಲ್ಲಿಯ ಹುಡುಗ. ಇಂಥ ತಟ್ಟೆಗಳಲ್ಲಿ ತುಂಡುಗಳ ಸಂಖ್ಯೆ ಕೂತವರಿಗಿಂತ ಒಂದು ಕಡಿಮೆ ಇರುತ್ತದೆ. ಇದನ್ನು ಯಾರೋ ಒಳಗೆ ಕೂತು ಲೆಕ್ಕ ಹಾಕುತ್ತಾರೆಂದು ನನ್ನ ಬಲವಾದ ಗುಮಾನಿ. "ನೀವು ತಗೊಳ್ಳಿ ಅತ್ತೆ", "ನಂಗೆ ಸಾಕಪ್ಪ, ನೀನು ತಗೋ" ಶುರುವಾಯಿತು. ನಮ್ಮಲ್ಲಿ ಬೇಡ ಅನ್ನುವುದು ಇನ್ನೊಂದು ಮುದ್ದೆ ಬರುತ್ತದೆಂಬ ಧೈರ್ಯದ ಮೇಲೆ. ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಸಾರು ಬಿಡುವವರಿದ್ದಾರೆ. ಇಲ್ಲಿ ಬೇಡ ಅಂದರೆ ಬೇಡವೇ. ಐದೂ ತುಂಡು ಆರುತ್ತಾ ಕೂತವು.

"ತಡೀರಿ" ಎಂದು ಭಾವಮೈದ ಅಂಗಿಯ ತೋಳು ಮಡಚಿದ.

ಯುಗಾದಿಯ ಮಾರನೇ ದಿನ ನಮ್ಮ ಕಡೆ ವರ್ಷದ ತೊಡಕು. ನಾಲ್ಕಾರು ಮನೆಯವರು ದುಡ್ಡು ಸೇರಿಸಿ ಮರಿ ತರುತ್ತಾರೆ. ಇದಕ್ಕೆಂದೇ ವರ್ಷವೆಲ್ಲ ಚೀಟಿ ಕಟ್ಟುವವರೂ ಇದ್ದಾರೆ. ಕೊಯ್ದ ಮೇಲೆ ಪಾಲಿಗೊಂದು ಗುಡ್ಡೆ. ತಕ್ಕಡಿಗಿಂತ ಕಣ್ಣಿನ ಮೇಲೆ ನಂಬಿಕೆ ಹೆಚ್ಚು. ತೊಡೆ, ಎದೆ, ಮೂಳೆ, ಲಿವರ್, ಬೋಟಿ ಎಲ್ಲದರ ಚೂರೂ ಎಲ್ಲ ಗುಡ್ಡೆಗೂ ಬೀಳಬೇಕು. ಕೊನೆಗೆ ಒಬ್ಬ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಇನ್ನೊಬ್ಬ ಗುಡ್ಡೆಯ ಮೇಲೆ ಕೈ ಇಟ್ಟು "ಇದು ಯಾರಿಗೆ?" ಎಂದರೆ ಅವನು ನೋಡದೆ ಹೆಸರು ಹೇಳುತ್ತಾನೆ. ಅಲ್ಲಿಗೆ ವ್ಯಾಜ್ಯವಿಲ್ಲ. ನಮ್ಮ ಸೀಮೆಯಲ್ಲಿ ಅಣ್ಣತಮ್ಮಂದಿರು ಜಮೀನಿನ ಪಾಲಿಗೆ ಮಧುಗಿರಿ ಕೋರ್ಟಿಗೆ ಅಲೆದದ್ದುಂಟು. ಗುಡ್ಡೆ ಬಾಡಿನ ಪಾಲಿಗೆ ಅಲೆದವರನ್ನು ನಾನು ಕಾಣೆ.

ಭಾವಮೈದ ಟಾಕೋಗಳ ಮಡಿಕೆ ಬಿಚ್ಚಿದ. ರೊಟ್ಟಿ ಬೇರೆ, ಕೋಳಿ ಬೇರೆ, ಈರುಳ್ಳಿ ಬೇರೆ. ಬೆಣ್ಣೆ ಸವರುವ ಮೊಂಡು ಚಾಕುವಿನಲ್ಲೇ ಆರು ಗುಡ್ಡೆ ಹಾಕಿದ. ಮೇಲೆ ಉದುರಿಸಿದ್ದ ಎರಡು ಹೂವಿನ ಎಸಳನ್ನು ಮೂರು ಮೂರು ಭಾಗ ಮಾಡಿ ಗುಡ್ಡೆಗೊಂದು ಇಟ್ಟ. ವೇಟರ್ ಓಡಿ ಬಂದು "ಸರ್, ಎವ್ರಿಥಿಂಗ್ ಓಕೆ?" ಎಂದು ಕೇಳಿದ. ಅವನ ಕೈಗೆ ಟಾರ್ಚ್ ಕೊಟ್ಟು ಸರಿಯಾಗಿ ಹಿಡಿಯಲು ಹೇಳಿ, ಭಾವಮೈದ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿ ಕೂತ. ನಾನು ಕೈ ಇಟ್ಟೆ.

"ಇದು ಯಾರಿಗೆ?"

"ಅಕ್ಕನಿಗೆ!"

"ಇದು?"

"ದಿಲ್ಲಿಯವನಿಗೆ!"

ಡಿಜೆಯನ್ನು ಮೀರಿ ದನಿ ಹೋಯಿತು. ಪಕ್ಕದ ಟೇಬಲಿನ ಹುಡುಗಿಯರು ವಿಡಿಯೊ ಮಾಡಿಕೊಂಡರು, ಆಮೇಲೆ ತಮ್ಮ ಏಳು ಸೀಗಡಿಯ ತಟ್ಟೆಯನ್ನು ನಾಲ್ಕು ಪಾಲು ಮಾಡಿಕೊಡಿ ಅಂಕಲ್ ಎಂದು ಎತ್ತಿಕೊಂಡೇ ಬಂದರು. ಭಾವಮೈದ ದಾಕ್ಷಿಣ್ಯ ನೋಡಲಿಲ್ಲ, ಅದನ್ನೂ ಹಾಕಿಕೊಟ್ಟ. ಹಾಕಿದವನ ಕೂಲಿ ಎಂದು ಒಂದು ಬಾಲ ಇಸಿದುಕೊಂಡ.

ಬಿಲ್ಲು ಎರಡು ಭಾಗದಲ್ಲಿ ಬಂತು. ತಿಂದದ್ದಕ್ಕೆ ಶೇ. 5 ಜಿಎಸ್‌ಟಿ, ಕುಡಿದದ್ದು ಜಿಎಸ್‌ಟಿಯ ಲೆಕ್ಕಕ್ಕೇ ಬರುವುದಿಲ್ಲ, ಅದರ ತೆರಿಗೆ ರಾಜ್ಯ ಸರ್ಕಾರದ್ದು. ಅವರವರ ಪಾಲು ಅವರವರಿಗೆ ಎಂಬುದರಲ್ಲಿ ಸರ್ಕಾರಗಳಿಗೂ ಒಳ್ಳೆಯ ಶಿಸ್ತಿದೆ. ಚರ್ಮದ ಫೈಲಿನಲ್ಲಿ ಅದನ್ನು ತಂದಿಟ್ಟ ವೇಟರ್ ಅಷ್ಟು ಹೊತ್ತಿಗೆ ನಮ್ಮ ಪದ್ಧತಿಯನ್ನು ಪೂರ್ತಿ ಕಲಿತಿದ್ದ. ಫೈಲಿನ ಮೇಲೆ ಅಂಗೈ ಇಟ್ಟು, ಗಂಭೀರವಾಗಿ ಕೇಳಿದ:

"ಇದು ಯಾರಿಗೆ?"

ಭಾವಮೈದ ಕುರ್ಚಿಯನ್ನು ಇನ್ನೂ ಗೋಡೆ ಕಡೆಯಿಂದ ತಿರುಗಿಸಿರಲಿಲ್ಲ.

"ಅಳಿಯನಿಗೆ!"