ಸಿಗ್ನಲ್ ಹಿಡಿಯುವ ಸಾಧನ: ಬಳಕೆದಾರರ ಕೈಪಿಡಿ, ಮಲೆನಾಡು ಆವೃತ್ತಿ

ನಿಮ್ಮ ಮೊಬೈಲ್ ಫೋನಿನ ಪೆಟ್ಟಿಗೆಯಲ್ಲಿರುವ ಪುಟ್ಟ ಪುಸ್ತಕದಲ್ಲಿ ಸಿಮ್ ಹಾಕುವ ಚಿತ್ರವಿದೆ, ಫೋನನ್ನು ಬೆಂಕಿಗೆ ಹಾಕಬೇಡಿ ಎಂಬ ಬುದ್ಧಿಮಾತಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಶೃಂಗೇರಿ, ಸಿದ್ದಾಪುರ ಕಡೆಯ ಬಳಕೆದಾರರಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಕಂಪನಿಯ ಪುಸ್ತಕ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಈ ಕೈಪಿಡಿ ಶುರುವಾಗುತ್ತದೆ. ಕಾಗದದ ಮೇಲಿರುವುದರಿಂದ ಇದನ್ನು ಓದಲು ನೆಟ್‌ವರ್ಕ್ ಬೇಕಿಲ್ಲ.

ಪೆಟ್ಟಿಗೆಯಲ್ಲಿ ಇರುವುದು, ಇಲ್ಲದಿರುವುದು

ಫೋನ್ ಒಂದು, ಕೇಬಲ್ ಒಂದು, ಸಿಮ್ ತೆಗೆಯುವ ಪಿನ್ ಒಂದು. ಪಿನ್ ಮೊದಲ ವಾರದಲ್ಲೇ ಕಳೆಯುತ್ತದೆ. ಆಮೇಲೆ ಅಮ್ಮನ ಸೇಫ್ಟಿ ಪಿನ್ ಬಳಸಿ. ಚಾರ್ಜರ್ ಇದ್ದರೆ ನಿಮ್ಮ ಪುಣ್ಯ. ಫೋನಿನೊಳಗಿನ ಮುಖ್ಯ ಚಿಪ್ಪು ದುಬಾರಿಯದಾದರೆ ಅದರಲ್ಲಿ ಸಾವಿರ ಕೋಟಿಗೂ ಹೆಚ್ಚು ಟ್ರಾನ್ಸಿಸ್ಟರುಗಳಿರುತ್ತವೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಅದರ ಹಿಂದೆ ಒಂದೊಂದಾಗಿ ಕ್ವಾಲ್‌ಕಾಮ್, ಆರ್ಮ್, ಸ್ಯಾಮ್‌ಸಂಗ್, ಮೀಡಿಯಾಟೆಕ್ ಅಲ್ಲಿ ಚಿಪ್ಪು ವಿನ್ಯಾಸದ ಕಚೇರಿ ತೆರೆದವು. ಹಾಗಾಗಿ ನಿಮ್ಮ ಫೋನಿನ ಒಂದಷ್ಟು ಸರ್ಕ್ಯೂಟನ್ನು ರೂಪಿಸಿದವರಲ್ಲಿ ನಿಮ್ಮ ಕೇರಿಯ ಹುಡುಗಿಯೇ ಒಬ್ಬಳಿರಬಹುದು. ಚೌತಿಗೆ ಊರಿಗೆ ಬಂದಾಗ ಅವಳೂ ಫೋನ್ ಎತ್ತಿ ಹಿಡಿದು ಅಂಗಳದ ತುಂಬ ತಿರುಗುತ್ತಾಳೆ. ನಗಬೇಡಿ. ಚಿಪ್ಪಿನದು ಏನೂ ತಪ್ಪಿಲ್ಲ.

ಸಾಧನದ ಉಳಿದರ್ಧ ಪೆಟ್ಟಿಗೆಯಲ್ಲಿಲ್ಲ. ಗುಡ್ಡದ ಮೇಲಿನ ಟವರ್, ಟವರಿಗೆ ಬೇಕಾದ ಕರೆಂಟ್, ಕರೆಂಟ್ ಹೋದಾಗ ಜನರೇಟರಿಗೆ ಡೀಸೆಲ್, ಡೀಸೆಲ್ ತರುವವನಿಗೆ ರಸ್ತೆ, ರಸ್ತೆಯ ಪಕ್ಕದಲ್ಲಿ ಹೂತ ಓಎಫ್‌ಸಿ ಕೇಬಲ್, ಆ ಕೇಬಲ್ಲನ್ನು ಎತ್ತಿ ಹಾಕದ ಜೆಸಿಬಿ. ಇವು ಯಾವುವೂ ಬಿಡಿಯಾಗಿ ಅಂಗಡಿಯಲ್ಲಿ ಸಿಗುವುದಿಲ್ಲ.

ಕಡ್ಡಿ ಎಣಿಸುವ ಕ್ರಮ

ಪರದೆಯ ಮೂಲೆಯಲ್ಲಿ ನಾಲ್ಕೈದು ಕಡ್ಡಿಗಳು ಕಾಣುತ್ತವೆ. ಇವನ್ನು ನಂಬಬಾರದು. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂದು ಜಗತ್ತಿಗೆಲ್ಲ ಒಪ್ಪಿತವಾದ ಅಳತೆ ಇಲ್ಲ. ಕಂಪನಿ ಬರೆದದ್ದೇ ಲೆಕ್ಕ. 2010ರಲ್ಲಿ ಐಫೋನ್ 4 ಹಿಡಿದವರ ಕೈಯಲ್ಲಿ ಸಿಗ್ನಲ್ ಬೀಳುತ್ತಿದೆ ಎಂದು ಗಲಾಟೆಯಾಯಿತು. ಹಾಗೆ ಹಿಡಿಯಬೇಡಿ ಎಂದರು ಸ್ಟೀವ್ ಜಾಬ್ಸ್. ಕೆಲವೇ ದಿನದಲ್ಲಿ ಆ್ಯಪಲ್, ಕಡ್ಡಿ ಲೆಕ್ಕ ಹಾಕುವ ತನ್ನ ಸೂತ್ರವೇ ಪೂರ್ತಿ ತಪ್ಪಾಗಿತ್ತು, ಇರುವುದಕ್ಕಿಂತ ಹೆಚ್ಚು ತೋರಿಸುತ್ತಿದ್ದೆವು ಎಂದು ಒಪ್ಪಿಕೊಂಡಿತು. ಆಮೇಲೆ ಗಿರಾಕಿಗಳಿಗೆ ಪುಕ್ಕಟೆ ಕವರ್ ಹಂಚಿತು.

ನಿಜ ಸಂಗತಿ ಬೇಕಿದ್ದರೆ ಆ್ಯಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರಕ್ಕೆ ಹೋಗಿ, ಸಿಮ್ ಸ್ಥಿತಿ ಒತ್ತಿ. ಡಿಬಿಎಂ ಎಂಬ ಅಳತೆಯಲ್ಲಿ ಒಂದು ಸಂಖ್ಯೆ ಕಾಣುತ್ತದೆ, ಅದೂ ಋಣದಲ್ಲಿ. 4ಜಿಯಲ್ಲಿ -85 ಇದ್ದರೆ ನೀವು ಪೇಟೆಯಲ್ಲಿದ್ದೀರಿ. -95 ಆದರೆ ಅದರ ಹತ್ತನೇ ಒಂದು ಪಾಲು. -105 ಆದರೆ ನೂರನೇ ಒಂದು ಪಾಲು. -115ಕ್ಕೆ ಬಂದರೆ ಮನೆಗೆ ಬಂದಿರಿ.

ಸ್ಥಾಪನೆ: ಮೊಳೆ

ಈ ಭಾಗವನ್ನು ಎರಡು ಸಲ ಓದಿ. ಮಲೆನಾಡಿನ ಪ್ರತಿ ಮನೆಯಲ್ಲೂ ಸಿಗ್ನಲ್ ಬರುವ ಒಂದು ಜಾಗ ಇರುತ್ತದೆ. ಅದು ಜಗಲಿಯ ಕಿಟಕಿಯ ಎರಡನೇ ಸರಳೋ, ಅಡಿಕೆ ಚಪ್ಪರದ ಮೂಲೆಯ ಕಂಬವೋ, ಮೆತ್ತಿನ ಮೆಟ್ಟಿಲಿನ ಕೊನೆಯ ಹಲಗೆಯೋ ಆಗಿರಬಹುದು. ಅಲ್ಲೊಂದು ಮೊಳೆ ಹೊಡೆದು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಫೋನ್ ಹಾಕಿ, ನೇತುಹಾಕಿ. ಮೊಳೆಯಿಂದ ಒಂದು ಗೇಣು ಆಚೆ ಸರಿಸಿದರೆ ಮಾತು ಕಡಿಯುತ್ತದೆ. ಬೆಂಗಳೂರಿನ ನೆಂಟರು ಇದನ್ನು ಮೂಢನಂಬಿಕೆ ಎನ್ನುತ್ತಾರೆ. ಅವರಿಗೆ ಹೀಗೆ ವಿವರಿಸಿ.

ಟವರಿನಿಂದ ಹೊರಟ ತರಂಗ ಘಟ್ಟದಲ್ಲಿ ನೆಟ್ಟಗೆ ಬರುವುದು ಅಪರೂಪ. ಎದುರು ಗುಡ್ಡಕ್ಕೆ ಬಡಿದದ್ದು ಒಂದು ದಾರಿಯಲ್ಲಿ, ಧರೆಗೆ ಬಡಿದದ್ದು ಇನ್ನೊಂದು ದಾರಿಯಲ್ಲಿ, ಕೊಟ್ಟಿಗೆಯ ತಗಡಿಗೆ ಬಡಿದದ್ದು ಮತ್ತೊಂದು ದಾರಿಯಲ್ಲಿ ಬಂದು ನಿಮ್ಮ ಕಿಟಕಿಯಲ್ಲಿ ಕೂಡುತ್ತವೆ. ಏರು ಏರಿಗೆ ಕೂಡಿದಲ್ಲಿ ಸಿಗ್ನಲ್ ಬಲವಾಗುತ್ತದೆ. ಏರು ಇಳಿತಕ್ಕೆ ಕೂಡಿದಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. 900 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 33 ಸೆಂಟಿಮೀಟರ್. ಅದರ ಅರ್ಧದಷ್ಟು ದೂರದಲ್ಲೇ ಸಿಗ್ನಲ್ ಒಮ್ಮೆ ಸತ್ತು ಮತ್ತೆ ಏಳಬಹುದು. 2300 ಮೆಗಾಹರ್ಟ್ಸ್ 4ಜಿಯಲ್ಲಿ ಆ ದೂರ ನಾಲ್ಕು ಬೆರಳಿಗಿಂತ ಕಡಿಮೆ. ನಿಮ್ಮ ಅಪ್ಪಯ್ಯ ಆ ಮೊಳೆಯನ್ನು ಇನ್ಯಾರಿಗೂ ಮುಟ್ಟಲು ಬಿಡದಿರುವುದು ಶುದ್ಧ ಭೌತಶಾಸ್ತ್ರ.

ನೇತುಹಾಕಿದ ಫೋನಿನ ಹಾಟ್‌ಸ್ಪಾಟ್ ಹಾಕಿ ಇನ್ನೊಂದು ಫೋನನ್ನು ಅಡುಗೆಮನೆಗೆ ಒಯ್ಯಬಹುದು. ಹಂಚಿನ ಮಾಡು ತರಂಗವನ್ನು ಒಂದು ಮಟ್ಟಿಗೆ ಒಳಗೆ ಬಿಡುತ್ತದೆ. ಹಂಚು ತೆಗೆದು ತಗಡು ಹಾಕಿಸುವ ಮುನ್ನ ಯೋಚಿಸಿ.

ಎಚ್ಚರಿಕೆ: 5ಜಿ ಫೋನ್ ಕೊಂಡರೆ ಸಿಗ್ನಲ್ ಜಾಸ್ತಿ ಬರುತ್ತದೆಂದು ಅಂಗಡಿಯವನು ಹೇಳಿದ್ದರೆ, ಅವನಿಗೆ ಮನೆಗೆ ಬಂದು ತೋರಿಸಲು ಹೇಳಿ. ಪೇಟೆಯಲ್ಲಿ 5ಜಿಯ ವೇಗ ಬಹುಪಾಲು 3300 ಮೆಗಾಹರ್ಟ್ಸ್‌ನ ಆಚೀಚೆಯ ತರಂಗದ್ದು. ಉದ್ದನೆಯ ತರಂಗ ಗುಡ್ಡದ ನೆತ್ತಿಯಲ್ಲಿ ಒಂದಿಷ್ಟಾದರೂ ಬಾಗಿ ಇಳಿಯುತ್ತದೆ. ಗಿಡ್ಡ ತರಂಗಕ್ಕೆ ಆ ವಿನಯವಿಲ್ಲ.

ಮಾತಾಡುವ ವಿಧಾನ

“ಹಲೋ, ಕೇಳ್ತದಾ?”

“ಕೇಳ್ತದೆ. ನಿಂಗೆ ಕೇಳ್ತದಾ?”

“ಹಲೋ? ಹಲೋ? ಅಮ್ಮಾ?”

ಸಾಧನ ಕೆಟ್ಟಿಲ್ಲ. ಟವರ್ ಕೂಗುವುದು ಹತ್ತಾರು ವ್ಯಾಟ್ ಬಲದಲ್ಲಿ. ನಿಮ್ಮ 4ಜಿ ಫೋನ್ ತಿರುಗಿ ಕೂಗುವುದು ಹೆಚ್ಚೆಂದರೆ 0.2 ವ್ಯಾಟ್‌ನಲ್ಲಿ. ಅವರದು ನಿಮಗೆ ಕೇಳುತ್ತದೆ, ನಿಮ್ಮದು ಅವರಿಗೆ ಮುಟ್ಟುವುದಿಲ್ಲ. ಹಳೆಯ ಸೆಟ್ಟಿಗೆ ಸಿಗ್ನಲ್ ಚೆನ್ನಾಗಿತ್ತು ಎಂದು ಹಿರಿಯರು ಹೇಳಿದರೆ ಅಲ್ಲಗಳೆಯಬೇಡಿ. 2003ರ ನೋಕಿಯಾ 1100 ಕಾಲದ 2ಜಿ ಫೋನುಗಳಿಗೆ 900 ಮೆಗಾಹರ್ಟ್ಸ್‌ನಲ್ಲಿ 2 ವ್ಯಾಟ್‌ವರೆಗೂ ಕೂಗಲು ಅನುಮತಿ ಇತ್ತು. ಅದಕ್ಕೆ ಟಾರ್ಚ್ ಬೇರೆ ಇತ್ತು. ಸಿಗ್ನಲ್ ಸಿಗದಿದ್ದರೆ ದನ ಹುಡುಕಲಾದರೂ ಆಗುತ್ತಿತ್ತು.

ಸಿಗ್ನಲ್ ಕಡಿಮೆಯಾದಷ್ಟೂ ಫೋನ್ ಗಂಟಲು ಹರಿಯುವಂತೆ ಕೂಗುತ್ತದೆ, ಟವರ್ ಹುಡುಕುತ್ತಲೇ ಇರುತ್ತದೆ. ಯಾರೂ ಮುಟ್ಟದೆ ಬ್ಯಾಟರಿ ಇಳಿಯುವುದು ಅದಕ್ಕೇ. ರಾತ್ರಿ ಏರೋಪ್ಲೇನ್ ಮೋಡ್‌ಗೆ ಹಾಕಿ. ಹೇಗೂ ಕರೆ ಬರುವುದಿಲ್ಲ. ಪರದೆಯ ಮೇಲೆ ‘ತುರ್ತು ಕರೆ ಮಾತ್ರ’ ಎಂದು ಬಂದರೆ ನಿಮ್ಮ ಕಂಪನಿಯ ಟವರ್ ಇಲ್ಲ, ಬೇರೆಯವರದು ಇದೆ ಎಂದರ್ಥ. 112ಕ್ಕೆ ಕರೆ ಅದರಲ್ಲೂ ಹೋಗುತ್ತದೆ. ಇದೊಂದನ್ನು ಮನೆಮಂದಿಗೆಲ್ಲ ಹೇಳಿಡಿ, ತಮಾಷೆಯಲ್ಲ.

ಓಟಿಪಿ

ಓಟಿಪಿ ಮನೆಗೆ ಬರುವುದಿಲ್ಲ, ಗುಡ್ಡಕ್ಕೆ ಬರುತ್ತದೆ. ಬ್ಯಾಂಕು ಕೊಡುವ ಸಮಯ ಕೆಲವೇ ನಿಮಿಷ. ಒಬ್ಬರು ಕೆಳಗೆ, ಒಬ್ಬರು ಮೇಲೆ ನಿಂತು ಅಂಕಿಗಳನ್ನು ಕೂಗಿ ಹೇಳುವ ಪದ್ಧತಿ ಕೆಲವೆಡೆ ಇದೆ. ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂಬ ಬ್ಯಾಂಕಿನ ಎಚ್ಚರಿಕೆ ಇಡೀ ಕಣಿವೆಗೆ ಅನ್ವಯಿಸುತ್ತದೋ ಇಲ್ಲವೋ ಮ್ಯಾನೇಜರನ್ನು ಕೇಳಿಕೊಳ್ಳಿ.

ಗುಡ್ಡ ಹತ್ತುವವರಿಗೆ

ಎತ್ತರ ಮುಖ್ಯವಲ್ಲ, ಎದುರು ಮುಖ್ಯ. ಟವರ್ ಕಾಣುವ ಮಗ್ಗುಲನ್ನು ಹತ್ತಿ. 2ಜಿಯ ಲೆಕ್ಕದಲ್ಲಿ ಟವರಿನ ಎಟುಕು ಸಾಮಾನ್ಯವಾಗಿ 35 ಕಿಲೋಮೀಟರ್, ಅದಕ್ಕಿಂತ ದೂರದ ಫೋನಿನ ಉತ್ತರ ಹೊತ್ತು ಮೀರಿ ತಲುಪುತ್ತದೆ. ಘಟ್ಟದ ಅಂಚಿನಲ್ಲಿರುವವರಿಗೆ ಕೆಳಗಿನ ಕರಾವಳಿಯ ಟವರ್ ಸಿಗುವುದುಂಟು. ಮಳೆಗಾಲದಲ್ಲಿ ಇಂಬಳಕ್ಕೆ ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ರಸ ಹಚ್ಚಿಕೊಳ್ಳಿ. ಕೊಡೆ ಹಿಡಿಯಲು ಜೊತೆಗೊಬ್ಬರು ಬೇಕು: 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ರಸ್ತೆ ಬದಿಯಲ್ಲಿ ಸುರಿಯುವ ಮಳೆಯಲ್ಲಿ ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದರೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಸುತ್ತಿತು. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ ಆ ಎರಡು ವರ್ಷ ಮಕ್ಕಳು ಗುಡ್ಡದ ಮೇಲೆ ತಾಡಪಾಲಿನ ಗುಡಿಸಲು ಕಟ್ಟಿಕೊಂಡು ಪರೀಕ್ಷೆ ಪಾಸಾದರು. ಹಾಜರಾತಿ ಕಡಿಮೆಯಿದೆ ಎಂದು ಬೈಸಿಕೊಂಡವರೂ ಅವರೇ.

ಮಳೆಗಾಲದ ಮೋಡ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ತಾನಾಗಿ ಚಾಲೂ ಆಗುತ್ತದೆ. ಫೋನಿನ ತರಂಗಕ್ಕೆ ಮಳೆಹನಿಯಿಂದ ದೊಡ್ಡ ತೊಂದರೆಯಿಲ್ಲ, ನೀರು ಕುಡಿದ ಎಲೆ ಮಾತ್ರ ಒಂದಿಷ್ಟನ್ನು ನುಂಗುತ್ತದೆ. ಟವರಿನಿಂದ ಟವರಿಗೆ ಮಾತು ದಾಟಿಸುವ ದುಂಡನೆಯ ಡಿಶ್‌ಗಳ ತರಂಗ ತೀರಾ ಗಿಡ್ಡ, ಅದು ಜಡಿಮಳೆಗೆ ಸೋಲುತ್ತದೆ. ಅದೂ ಸಣ್ಣ ಕಾರಣ. ದೊಡ್ಡ ಕಾರಣ ಲೈನಿನ ಮೇಲೆ ಬಿದ್ದ ಮರ. ಕರೆಂಟ್ ಹೋದ ಮೇಲೆ ಟವರಿನ ಬ್ಯಾಟರಿ ಕೆಲವು ಗಂಟೆ ತಡೆಯುತ್ತದೆ, ಆಮೇಲೆ ಕೇಳುವವರಿಲ್ಲ. ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟು 1964ರಿಂದ ರಾಜ್ಯಕ್ಕೆ ದೀಪ ಹಚ್ಚಿದ ಹಿನ್ನೀರಿನವರು ಟವರಿಗೆ ಕರೆಂಟಿಲ್ಲ ಎಂಬ ಉತ್ತರ ಕೇಳುತ್ತಾರೆ. ಹಳೆಯ ಲ್ಯಾಂಡ್‌ಲೈನಿಗೆ ಈ ರೋಗವಿರಲಿಲ್ಲ. ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯ ವಿದ್ಯುತ್ತು ಅದೇ ತಂತಿಯಲ್ಲಿ ಮನೆಗೆ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನ್ ಟ್ರಿಣ್ ಎನ್ನುತ್ತಿತ್ತು.

ವಾರಂಟಿ ಮತ್ತು ದೂರು

ಚಿಪ್ಪಿಗೆ ಒಂದು ವರ್ಷ ವಾರಂಟಿ. ಟವರಿಗೆ ವಾರಂಟಿ ಇಲ್ಲ, ಯೋಜನೆ ಇದೆ. 2022ರ ಜುಲೈಯಲ್ಲಿ ಕೇಂದ್ರ ಸಂಪುಟ, ನೆಟ್‌ವರ್ಕ್ ಕಾಣದ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸಲು 26,316 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಅದರ ರೇಡಿಯೋ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಅಂದರೆ ಈಗ ಸಾಧನದ ಎರಡೂ ಅರ್ಧಗಳಲ್ಲಿ ಬೆಂಗಳೂರಿನ ಕೈಯಿದೆ. ನಿಮ್ಮೂರಿನ ಟವರಿಗೆ ಅಡಿಪಾಯ ತೋಡಿ ಬಿಟ್ಟಿದ್ದರೆ, ಗುಂಡಿಗೆ ದನ ಬೀಳದಂತೆ ಬೇಲಿ ಹಾಕಿ.

ಕಸ್ಟಮರ್ ಕೇರ್‌ಗೆ ಕರೆ ಮಾಡುವುದು ಮೊಳೆಯ ಬಳಿಯಿಂದ. ‘ನೀವು ಈಗ ನೆಟ್‌ವರ್ಕ್ ಇಲ್ಲದ ಜಾಗದಲ್ಲೇ ಇದ್ದೀರಾ?’ ಎಂದು ಕೇಳುತ್ತಾರೆ. ಇಲ್ಲ ಎಂದರೆ ದೂರು ಮುಚ್ಚುತ್ತಾರೆ. ಹೌದು ಎನ್ನಲು ಅಲ್ಲಿಂದ ಕರೆ ಹೋಗುವುದಿಲ್ಲ. ಇದಕ್ಕೆ ಮಲೆನಾಡು ಕಂಡುಕೊಂಡ ಪರಿಹಾರ ‘ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ’ ಎಂಬ ಬ್ಯಾನರ್. ಊರ ಬಾಗಿಲಿಗೆ ಕಟ್ಟಿ, ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳಿ. ಪತ್ರಿಕೆಗೆ ಕಳಿಸಲು ಒಬ್ಬ ಹುಡುಗ ಗುಡ್ಡ ಹತ್ತಲಿ, ಮೇಲಿಂದ ಸಂಜೆಯ ಅಡಿಕೆ ರೇಟನ್ನೂ ನೋಡಿಕೊಂಡು ಬರಲಿ.