ಗಿಡಕ್ಕ ನೀರ್ ಹಾಕೀರೇನ್ರಿ?

ಡಿಸೆಂಬರ್ ಬಂತೆಂದರೆ ಜಹೀರಾಬಾದಿನ ಗಾಳಿ ಮೊದಲು ತುಟಿ ಒಡೆಸುತ್ತದೆ, ಆಮೇಲೆ ಕ್ರಿಸ್‌ಮಸ್ ಗಿಡ ಒಣಗಿಸುತ್ತದೆ. ಪಕ್ಕದ ಕೊಹೀರ್ ತೆಲಂಗಾಣದ ಚಳಿಪಟ್ಟಿಯಲ್ಲಿ ಆಗಾಗ ಹೆಸರು ಮಾಡುವ ಊರು. ಆದರೆ ಇಲ್ಲಿನ ಚಳಿ ಬೆಳಗಿನ ಚಹಾದ ತನಕ ಮಾತ್ರ. ಮಧ್ಯಾಹ್ನಕ್ಕೆ ಬಿಸಿಲು ನೆತ್ತಿ ಸುಡುತ್ತದೆ. ಗಾಳಿಯಲ್ಲಿ ತೇವ ಕಡಿಮೆ. ಹಿಮ ಬೀಳುವ ದೇಶದ ಹಬ್ಬದ ಗಿಡವನ್ನು ಇಂಥ ಕಡೆ ಹೊಸ ವರ್ಷದ ತನಕ ಹಸಿರಾಗಿ ಇಡುವುದೆಂದರೆ ಸಣ್ಣ ಕೆಲಸವಲ್ಲ.

ಹಬ್ಬ ಇಲ್ಲಿಗೆ ಹೊಸದೇನೂ ಅಲ್ಲ. ಬೀದರ್, ಜಹೀರಾಬಾದ್, ತಾಂಡೂರು, ವಿಕಾರಾಬಾದ್ ಸುತ್ತ ಮೆಥಡಿಸ್ಟ್ ಮಿಷನ್ನಿನ ಚರ್ಚುಗಳು ಹಳೆಯವು. ವಿಕಾರಾಬಾದ್-ತಾಂಡೂರು ರೈಲುದಾರಿಯ ಧಾರೂರಿನಲ್ಲಿ ನವೆಂಬರಿಗೆ ಕ್ರೈಸ್ತರ ಜಾತ್ರೆಯೇ ನಡೆಯುತ್ತದೆ. ಜಹೀರಾಬಾದಿನ ಉತ್ತರಕ್ಕಿರುವ ನಾರಾಯಣಖೇಡ 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಗೆ ಸೇರುವ ಮೊದಲು ಯಾವ ಮೆದಕ್ ಜಿಲ್ಲೆಯಲ್ಲಿತ್ತೋ, ಆ ಮೆದಕ್‌ನ ಕೆಥೆಡ್ರಲ್ ಪ್ರತಿಷ್ಠೆಯಾದದ್ದೇ 1924ರ ಡಿಸೆಂಬರ್ 25ರಂದು. ಗೋದಲಿಗೆ ಹಾಸಲು ಜೋಳದ ಕಣಿಕಿ ಬೇಕಾದಷ್ಟಿದೆ. ನಕ್ಷತ್ರ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲದಿರುವುದು ಒಂದೇ, ಗಿಡ. ಫರ್, ಸ್ಪ್ರೂಸ್ ಮರಗಳು ಹಿಮಾಲಯ ಬಿಟ್ಟು ಕೆಳಗಿಳಿಯುವ ಪೈಕಿ ಅಲ್ಲ.

ಹಾಗಾಗಿ ಉಳಿದವು ಮೂರು ದಾರಿ. ಪ್ಲಾಸ್ಟಿಕ್ಕಿನದು: ಧೂಳು ಒರೆಸಿದರೆ ಮುಗಿಯಿತು, ಅದರ ಬಗ್ಗೆ ಮಾತೇ ಬೇಡ. ಎರಡನೆಯದು ಸರ್ವೆಯ ಕೊಂಬೆ. ಮೂರನೆಯದು ನರ್ಸರಿಯವರು ‘ಎಕ್ಸ್‌ಮಸ್ ಟ್ರೀ’ ಎಂದು ಕುಂಡದಲ್ಲಿ ಮಾರುವ ಅರಕೇರಿಯಾ.

ಸರ್ವೆಯದು ವಿಚಿತ್ರ ಕಥೆ. 1868ರ ಸುಮಾರಿಗೆ ಕಾರವಾರದ ಕಡೆ ಅದನ್ನು ನೆಟ್ಟದ್ದು ಉರುವಲಿಗೆ. ಹಸಿಯಾಗಿದ್ದಾಗಲೂ ಚೆನ್ನಾಗಿ ಉರಿಯುತ್ತದೆ ಎಂಬುದೇ ಅದರ ಕೀರ್ತಿ. ಅಂಥದ್ದನ್ನು ನಡುಮನೆಗೆ ತಂದು ಮೇಣದಬತ್ತಿ ಹಚ್ಚುವವರ ಧೈರ್ಯಕ್ಕೆ ಕೈಮುಗಿಯಬೇಕು. ಗಿಡಕ್ಕೆ ವಿದ್ಯುತ್ ದೀಪ ಮೊದಲು ಸುತ್ತಿದ್ದು 1882ರಲ್ಲಿ, ನ್ಯೂಯಾರ್ಕಿನಲ್ಲಿ, ಎಡಿಸನ್ನನ ಸಹವರ್ತಿ ಎಡ್ವರ್ಡ್ ಜಾನ್ಸನ್. ಈಗಿನ ಎಲ್‌ಇಡಿ ಸರ ಬಿಸಿಯಾಗುವುದೂ ಕಡಿಮೆ, ಹಾಗಾಗಿ ಗಿಡ ಬೇಗ ಬಾಡುವುದಿಲ್ಲ.

ಸರ್ವೆಯ ‘ಎಲೆ’ಯೊಂದನ್ನು ಕಿತ್ತು ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಟಕ್ಕೆಂದು ಗಂಟಿನಲ್ಲಿ ಬಿಡುತ್ತದೆ. ಬಿಟ್ಟ ಕಡೆ ಕಣ್ಣಿಗೆ ಹತ್ತಿರ ಹಿಡಿದರೆ ಸುತ್ತಲೂ ಆರೆಂಟು ಪುಟ್ಟ ಹಲ್ಲುಗಳು ಕಾಣುತ್ತವೆ. ನಿಜವಾದ ಎಲೆ ಅವೇ. ನಾವು ಎಲೆ ಎಂದುಕೊಂಡದ್ದೆಲ್ಲ ಸಣ್ಣ ಸಣ್ಣ ರೆಂಬೆ. ಕೊಂಬೆ ಒಣಗಿತೆಂದರೆ ಈ ಗಂಟುಗಳೆಲ್ಲ ತಾವಾಗಿಯೇ ಕಳಚಿ ನೆಲ ತುಂಬುತ್ತವೆ. ನೆಲಕ್ಕೆ ತಾಂಡೂರು ಕಲ್ಲು ಹಾಸಿದ್ದರಂತೂ ಚೂರುಗಳು ಹೋಗಿ ಕೂರುವುದು ಕಲ್ಲುಕಲ್ಲಿನ ಸಂದಿಯಲ್ಲಿ. ಕಸಬರಿಗೆ ಸೋಲುತ್ತದೆ, ಆಮೇಲೆ ಮನೆಯೊಡತಿಯ ನಾಲಗೆ ಗೆಲ್ಲುತ್ತದೆ.

ತಡೆಯುವ ಉಪಾಯ ನೀರು ಮಾತ್ರ. ಕಡಿದ ಕೊಂಬೆ ಬೀಗರ ಹಾಗೆ: ಮೊದಲ ದಿನದ ಉಪಚಾರದಲ್ಲಿ ಕೊರತೆಯಾದರೆ ಆಮೇಲೆ ಎಷ್ಟು ಮಾಡಿದರೂ ಮುಖ ಗಂಟೇ. ತಂದ ಕೂಡಲೇ ಬುಡದಿಂದ ಅರ್ಧ ಇಂಚು ಗರಗಸದಲ್ಲಿ ಕೊಯ್ದು ನೀರಿಗಿಡಬೇಕು. ತಡವಾದರೆ ಕೊಯ್ದ ಬಾಯಿ ಕಟ್ಟಿಕೊಂಡು ನೀರು ಏರುವುದಿಲ್ಲ. ಕಾಂಡದ ದಪ್ಪ ಎಷ್ಟು ಇಂಚೋ ಸುಮಾರು ಅಷ್ಟು ಲೀಟರ್ ನೀರು ಹಿಡಿಯುವ ಪಾತ್ರೆ ಬೇಕೆಂಬುದು ಅಮೆರಿಕದಲ್ಲಿ ಫರ್ ಗಿಡಗಳಿಗೆ ಹೇಳುವ ಲೆಕ್ಕ. ಆಳೆತ್ತರದ ಗಿಡ ಮೊದಲ ದಿನವೇ ನಾಲ್ಕು ಲೀಟರ್‌ವರೆಗೂ ಕುಡಿಯಬಹುದು. ಸ್ಟ್ಯಾಂಡಿಗೆ ಹಿಡಿಸಲೆಂದು ಬುಡದ ತೊಗಟೆ ಹೆರೆಯುವವರಿದ್ದಾರೆ. ನೀರು ಏರುವುದು ತೊಗಟೆಯ ಒಳಮಗ್ಗುಲ ಕಟ್ಟಿಗೆಯಲ್ಲಿಯೇ, ಹೆರೆದರೆ ಗಂಟಲು ಹಿಸುಕಿದಂತಾಯಿತು.

ಸ್ಟ್ಯಾಂಡು ಯಾಕೆ? ಬಕೆಟ್ಟಿನ ನಡುವೆ ಕೊಂಬೆ ನಿಲ್ಲಿಸಿ ಸುತ್ತ ತಾಂಡೂರು ಕಲ್ಲಿನ ಚೂರು ತುರುಕಿದರೆ ಅಲ್ಲಾಡುವುದಿಲ್ಲ, ನೀರಿಗೂ ಜಾಗ ಉಳಿಯುತ್ತದೆ. ಮಣ್ಣು ತುಂಬುವುದು ಬೇಡ, ಕೆಸರು ಬಾಯಿ ಮುಚ್ಚುತ್ತದೆ. ನೀರಿಗೆ ಸಕ್ಕರೆ, ಆಸ್ಪಿರಿನ್ ಗುಳಿಗೆ, ಸೋಡಾ ಹಾಕುವ ವೈದ್ಯವೂ ಉಂಟು. ಬರೀ ನೀರೇ ಸಾಕು ಅನ್ನುತ್ತಾರೆ ತಿಳಿದವರು. ಸಕ್ಕರೆ ಹಾಕಿದರೆ ಇಲ್ಲಿ ಮೊದಲು ಬರುವುದು ಇರುವೆ.

ಕುಂಡದ ಗಿಡದ ಕಷ್ಟ ಇದಕ್ಕೆ ತದ್ವಿರುದ್ಧ. ಕೊಂಬೆಯನ್ನು ಎಲ್ಲರೂ ಮರೆಯುತ್ತಾರೆ, ಕುಂಡವನ್ನು ಯಾರೂ ಮರೆಯುವುದಿಲ್ಲ.

“ಗಿಡಕ್ಕ ನೀರ್ ಹಾಕೀರೇನ್ರಿ?” ಎಂದು ಸೊಸೆ ಕೇಳುವ ಹೊತ್ತಿಗೆ ಅತ್ತೆ ಒಂದು ತಂಬಿಗೆ ಸುರಿದಾಗಿರುತ್ತದೆ.

“ಹಾಕೀನಿ. ನೀನೂ ಒಂದೀಟ್ ಹಾಕವ್ವ, ಪಾಪ, ಒಣಗ್ಲತ್ತದ.”

ಒಣಗುತ್ತಿರುವುದಿಲ್ಲ, ಕೊಳೆಯುತ್ತಿರುತ್ತದೆ. ಬೆರಳು ಮಣ್ಣಿಗೆ ಒಂದಿಂಚು ಇಳಿಸಿ, ಒಣಗಿದ್ದರೆ ಮಾತ್ರ ನೀರು. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ಹಾಗೆಂದು ಪೂರಾ ಒಣಗಿಸಿದರೂ ಕಷ್ಟ: ಅರಕೇರಿಯಾದ ಕೆಳಗಿನ ಕೊಂಬೆ ಒಮ್ಮೆ ಉದುರಿದರೆ ಅಲ್ಲಿ ಮತ್ತೆ ಚಿಗುರುವುದಿಲ್ಲ. ನಕ್ಷತ್ರ ಕೂರಿಸಲು ತುದಿ ಚಿವುಟಿದರೆ ಗೋಪುರದ ಆಕಾರವೂ ಹೋಯಿತು. ಅದರ ಕೈಗಳು ಮೆತ್ತಗಿನವು, ಗಾಜಿನ ಗೋಲಿ, ಗಂಟೆ ಹೊರುವ ಶಕ್ತಿ ಇಲ್ಲ. ಬೆಳಕಿನ ಕಿಟಕಿಯ ಪಕ್ಕ ಇಡಬೇಕು, ಫ್ಯಾನಿನ ಕೆಳಗಲ್ಲ. ಟಿ.ವಿ. ಪಕ್ಕ ಇಡುವುದು ಫೋಟೋಕ್ಕೆ ಚಂದ, ಗಿಡಕ್ಕಲ್ಲ.

ಹಬ್ಬ ಮುಗಿದ ಮೇಲೆ ಸರ್ವೆಗೆ ನೀರೊಲೆ ಕಾದಿರುತ್ತದೆ, ಅದು ಬಂದದ್ದೇ ಅದಕ್ಕೆ. ಅರಕೇರಿಯಾವನ್ನು ಮಾತ್ರ ಎಳ್ಳಮಾವಾಸ್ಯೆಯ ಹೊತ್ತಿಗೆ ಯಾರೋ ಉತ್ಸಾಹಿಗಳು ಕಂಪೌಂಡಿನಲ್ಲಿ, ಕರೆಂಟ್ ತಂತಿಯ ಕೆಳಗೇ ನೆಡುತ್ತಾರೆ. 1774ರಲ್ಲಿ ಕ್ಯಾಪ್ಟನ್ ಕುಕ್ ನ್ಯೂ ಕ್ಯಾಲಿಡೋನಿಯಾ, ನಾರ್‌ಫೋಕ್ ದ್ವೀಪಗಳಲ್ಲಿ ಈ ಜಾತಿಯ ಮರಗಳನ್ನು ಕಂಡಾಗ ಹಡಗಿನವರು ಲೆಕ್ಕ ಹಾಕಿದ್ದು ಪಟ ಕಟ್ಟುವ ಕಂಬಕ್ಕೆ. ತವರಿನಲ್ಲಿ ಅವು 60 ಮೀಟರ್‌ವರೆಗೂ ಬೆಳೆಯುತ್ತವೆ.

ಬೆಳೆಯುತ್ತ ನೆಟ್ಟಗಿರುತ್ತದೆಯೇ ಎಂದರೆ ಅದೂ ಇಲ್ಲ. ನರ್ಸರಿಗಳಲ್ಲಿ ನಾರ್‌ಫೋಕ್ ಪೈನ್ ಎಂದು ಮಾರುವ ಅರಕೇರಿಯಾಗಳಲ್ಲಿ ಎಷ್ಟೋ ಅದರ ದಾಯಾದಿ ಕುಕ್ ಪೈನ್ ಇರುತ್ತವೆ. ಐದು ಖಂಡಗಳಲ್ಲಿ 256 ಕುಕ್ ಪೈನ್‌ಗಳನ್ನು ಅಳೆದ ವಿಜ್ಞಾನಿಗಳು 2017ರಲ್ಲಿ ಹೇಳಿದ್ದು ಇದು: ಈ ಮರ ಎಲ್ಲಿದ್ದರೂ ಸಮಭಾಜಕ ವೃತ್ತದ ಕಡೆ, ಅಂದರೆ ನಮ್ಮಲ್ಲಿ ದಕ್ಷಿಣಕ್ಕೆ, ಸರಾಸರಿ ಎಂಟೂವರೆ ಡಿಗ್ರಿ ವಾಲುತ್ತದೆ. ಆದ್ದರಿಂದ ಮಾಲಿಯನ್ನು ಬೈದು, ಬಿದಿರು ಕಟ್ಟಿ, ಹಗ್ಗ ಎಳೆದು ಪ್ರಯೋಜನವಿಲ್ಲ. ನಾರಾಯಣಖೇಡದ ಮರ ಜಹೀರಾಬಾದಿನ ಕಡೆ ವಾಲಲಿದೆ, ಜಹೀರಾಬಾದಿನದು ತಾಂಡೂರಿನ ಕಡೆ. ತಾಂಡೂರಿನದು ಕೊಡಂಗಲ್ ದಾಟಿ, ರಾಜ್ಯದ ಗಡಿಯನ್ನೂ ಲೆಕ್ಕಿಸದೆ, ಹೆಚ್ಚುಕಡಿಮೆ ರಾಯಚೂರಿನ ದಿಕ್ಕಿಗೆ.