ಡಬ್ಬಿ ಮೇಷ್ಟ್ರು

ಡಬ್ಬಿ ಮೇಷ್ಟ್ರು ಊರಿಗೊಬ್ಬರು ಇದ್ದೇ ಇರುತ್ತಾರೆ. ಹಾಸನದಲ್ಲಿ ಅವರು ನಿವೃತ್ತ ಬ್ಯಾಂಕ್ ಮ್ಯಾನೇಜರ್, ಅರಕಲಗೂಡಿನಲ್ಲಿ ಹೊಗೆಸೊಪ್ಪು ಬಿಟ್ಟು ಸಾವಯವಕ್ಕೆ ಇಳಿದ ಗೌಡರು, ಚನ್ನರಾಯಪಟ್ಟಣದಲ್ಲಿ ಮೆಡಿಕಲ್ ಸ್ಟೋರ್ ಮಾಲೀಕರು, ಹೊಳೆನರಸೀಪುರದಲ್ಲಿ ಪಿಂಚಣಿ ಪಡೆಯುವ ವಿಜ್ಞಾನದ ಮೇಷ್ಟ್ರು. ಕಸುಬು ಬೇರೆಯಾದರೂ ಲಕ್ಷಣ ಒಂದೇ: ಹೆಗಲಿಗೆ ಬಟ್ಟೆ ಚೀಲ, ಚೀಲದೊಳಗೆ ಮೂರಂತಸ್ತಿನ ಸ್ಟೀಲ್ ಕ್ಯಾರಿಯರ್, ಜೊತೆಗೊಂದು ಲೋಟ. ಬಸ್ಸು ಬ್ರೇಕ್ ಹಾಕಿದಾಗಲೆಲ್ಲ ಚೀಲ ಸದ್ದು ಮಾಡುತ್ತದೆ. ಕಂಡಕ್ಟರ್ ತಿರುಗಿಯೂ ನೋಡದೆ "ಮೇಷ್ಟ್ರೇ, ಟಿಕೆಟ್" ಅನ್ನುತ್ತಾನೆ.

ಹೊಳೆನರಸೀಪುರದವರನ್ನೇ ತೆಗೆದುಕೊಳ್ಳಿ. ಎದುರಿಗೆ ಬಂದವರ ಮುಖ ನೋಡುವ ಮೊದಲು ಅವರು ಕೈಯಲ್ಲಿರುವ ಬಾಟಲಿಯ ತಳ ನೋಡುತ್ತಾರೆ. "ಎಲ್ಲಿ, ಕೊಡಯ್ಯ ಇಲ್ಲಿ" ಎಂದು ಇಸಿದುಕೊಂಡು, ಒಳಗೆ ನೀರಿದೆಯೋ ಇಲ್ಲವೋ ವಿಚಾರಿಸದೆ ತಲೆಕೆಳಗು ಮಾಡಿ, ತ್ರಿಕೋನದೊಳಗಿನ ಅಂಕಿಯನ್ನು ಜಾತಕದಂತೆ ಓದುತ್ತಾರೆ. "ಒಂದು, ಪೆಟ್. ಒಂದೇ ಸಲಕ್ಕೆ ಸರಿ. ಮೂರು, ಪಿವಿಸಿ. ಮೆತ್ತಗಾಗಲಿ ಅಂತ ಥಾಲೇಟ್ ಬೆರೆಸ್ತಾರೆ, ಮುಟ್ಟಬೇಡ. ಐದು, ಪಾಲಿಪ್ರೊಪಿಲೀನ್. ಪರವಾಗಿಲ್ಲ. ಏಳು..." ಏಳಕ್ಕೆ ಬಂದಾಗ ಅವರು ಕಣ್ಣು ಮುಚ್ಚುತ್ತಾರೆ. ಏಳರ ಗುಂಪಿನಲ್ಲಿ ಪಾಲಿಕಾರ್ಬೊನೇಟ್ ಸೇರಿದೆ; ಅದನ್ನು ತಯಾರಿಸುವುದು ಬಿಸ್ಫಿನಾಲ್-ಎ ಎಂಬ ರಾಸಾಯನಿಕದಿಂದ; ಅದು ಮೈಯೊಳಗೆ ಹೋದರೆ ಈಸ್ಟ್ರೊಜೆನ್ ಹಾರ್ಮೋನಿನ ವೇಷ ಹಾಕುತ್ತದೆ. ಪಕ್ಕದ ಸೀಟಿನವರಿಗೆ ಹಾಸನ ಬರುವುದರೊಳಗೆ ಇಷ್ಟೂ ಪಾಠ ಆಗಿರುತ್ತದೆ, ಕುಡಿಯುವ ನೀರು ಮಾತ್ರ ಪ್ಯಾಂಟಿನ ಮೇಲಾಗಿರುತ್ತದೆ.

ಆ ಅಂಕಿಗಳನ್ನು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಶುರುಮಾಡಿದ್ದು ಗುಜರಿಗೆ ಹೋದ ಪ್ಲಾಸ್ಟಿಕ್ ಅನ್ನು ಬಗೆಬಗೆಯಾಗಿ ಬೇರ್ಪಡಿಸಲು. ಅದು ಆರೋಗ್ಯಕ್ಕೆ ಕೊಟ್ಟ ಅಂಕವಲ್ಲ. ಯಾರಾದರೂ ಹಾಗೆಂದರೆ ಮೇಷ್ಟ್ರು "ಅದು ನಂಗೂ ಗೊತ್ತು" ಎಂದು ಬಾಟಲಿ ಹಿಂದಿರುಗಿಸುತ್ತಾರೆ, ಮುಚ್ಚಳ ತಮ್ಮ ಕೈಯಲ್ಲೇ ಉಳಿಸಿಕೊಂಡು.

2025ರ ಫೆಬ್ರವರಿ ಕೊನೆಯ ವಾರ ಅವರ ಪಾಲಿನ ಶುಕ್ರದೆಸೆ. ಆಹಾರ ಸುರಕ್ಷತಾ ಇಲಾಖೆಯವರು ರಾಜ್ಯದ ಇನ್ನೂರೈವತ್ತರಷ್ಟು ಕಡೆ ಇಡ್ಲಿ ಪರೀಕ್ಷಿಸಿದಾಗ ಐವತ್ತರಷ್ಟು ಕಡೆ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದುದು ಗೊತ್ತಾಯಿತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದನ್ನು ನಿಷೇಧಿಸುವುದಾಗಿ ಹೇಳಿದರು. ಮೇಷ್ಟ್ರು ಪೇಪರ್ ಕಟಿಂಗ್ ಜೇಬಿನಲ್ಲಿಟ್ಟುಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದರು. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಹೋಗುವವರೆಲ್ಲ ಇಡ್ಲಿಗೆ ಇಳಿಯುವ ಊರು ಅದು. ತಪಾಸಣೆ ಅಲ್ಲಿಂದಲೇ ಆರಂಭವಾಗಬೇಕು.

"ಅಡುಗೆಮನೆ ನೋಡ್ಬೇಕಲ್ಲಪ್ಪ."

"ಯಾಕ್ ಸಾ, ಇಲಾಖೆಯೋರಾ?"

"ಗ್ರಾಹಕ."

"ಗ್ರಾಹಕ್ರು ಇಲ್ಲೇ ಕೂತ್ಕಳಿ ಸಾ. ನಾವು ಬಟ್ಟೇನೇ ಹಾಕೋದು" ಎಂದ ಸಪ್ಲೈಯರ್, ನಂಬಿಕೆ ಬರಲಿ ಎಂದು ಒಳಗಿಂದ ಬಟ್ಟೆಯನ್ನೇ ತಂದು ಟೇಬಲ್ಲಿನ ಮೇಲೆ ಹರವಿದ. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ಬಟ್ಟೆ ಹೌದು. ಆದರೆ ಅದರ ಬಣ್ಣ ನೋಡಿದ ಮೇಲೆ ಅವತ್ತು ದೋಸೆ ಹೇಳಿದರು.

ಪಾರ್ಸಲ್ ತೆಗೆದುಕೊಳ್ಳುವಾಗ ಇನ್ನೊಂದು ಪ್ರಸಂಗ. "ಸಾಂಬಾರು ಇದರಲ್ಲೇ ಹಾಕು" ಎಂದು ಮೇಷ್ಟ್ರು ಕ್ಯಾರಿಯರ್ ಮುಂದಿಟ್ಟರು. ಹುಡುಗ ಭಯಭಕ್ತಿಯಿಂದ ತಲೆಯಾಡಿಸಿ, ಕುದಿಯುವ ಸಾಂಬಾರನ್ನು ಕವರಿಗೆ ಸುರಿದು, ಬಾಯಿಗೆ ಗಂಟು ಹಾಕಿ, ಕವರನ್ನು ಜೋಪಾನವಾಗಿ ಕ್ಯಾರಿಯರ್‌ನೊಳಗೆ ಇಟ್ಟ. "ಬಸ್ಸಲ್ಲಿ ಚೆಲ್ಬಾರ್ದು ಅಂತ ಸಾ."

ಪೇಪರ್ ಕಪ್ ಹಿಡಿದವರೂ ಪಾರಾಗುವುದಿಲ್ಲ. ಆ ಕಪ್ಪಿನ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಅದರಲ್ಲಿ ನೂರು ಮಿಲಿಲೀಟರ್ ಬಿಸಿನೀರು ಹದಿನೈದು ನಿಮಿಷ ನಿಂತರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಇಳಿಯುತ್ತವೆ ಎಂದು ಐಐಟಿ ಖರಗ್‌ಪುರದ ಸಂಶೋಧಕರು 2020ರಲ್ಲಿ ತೋರಿಸಿದರು. ಹಾಸನ ಬಸ್ ಸ್ಟ್ಯಾಂಡಿನಲ್ಲಿ ಯಾರೂ ಕಾಫಿಯನ್ನು ಹದಿನೈದು ನಿಮಿಷ ಕುಡಿಯುವುದಿಲ್ಲ, ಮೇಷ್ಟ್ರು ಸಿಕ್ಕ ದಿನವೊಂದು ಬಿಟ್ಟು. ಅವರು ತಮ್ಮ ಸ್ಟೀಲ್ ಲೋಟದಿಂದ ಗುಟುಕು ಗುಟುಕಾಗಿ ಹೀರುತ್ತ ಈ ಸಂಶೋಧನೆಯನ್ನು ವಿವರಿಸಿ ಮುಗಿಸುವ ಹೊತ್ತಿಗೆ, ಸಂಕೋಚಕ್ಕೆ ಕೇಳುತ್ತ ನಿಂತವನ ಕಪ್ಪಿನಲ್ಲಿ ಇಪ್ಪತ್ತೈದು ಸಾವಿರವೂ ಇಳಿದಿರುತ್ತವೆ.

ಮನೆಯಲ್ಲಿ ಮಾತ್ರ ಅವರ ಶಾಸನ ನಡೆಯುವುದಿಲ್ಲ. ಅಡುಗೆಮನೆ ಬಾಗಿಲ ಹಿಂದೆ ಕವರುಗಳನ್ನೇ ತುಂಬಿದ ದೊಡ್ಡ ಕವರು ನೇತಾಡುತ್ತದೆ. ಅಟ್ಟದ ಮೇಲೆ ಮದುವೆ ಮನೆಗಳಿಂದ ಬಂದ ಐಸ್‌ಕ್ರೀಮ್ ಡಬ್ಬಿಗಳು. ಒಮ್ಮೆ ಮೇಷ್ಟ್ರು ಎಲ್ಲವನ್ನೂ ಗುಜರಿಗೆ ಹಾಕಲು ಹೊರಟರು. "ರೀ, ಬೆಳಗ್ಗೆ ಹಾಲು ಬರೋದು ಯಾವುದರಲ್ಲಿ? ಮೇಲೆ ನೀರಿನ ಟ್ಯಾಂಕು ಯಾವುದರದ್ದು? ಅದನ್ನ ಮೊದಲು ಇಳಿಸಿ, ಆಮೇಲೆ ನನ್ನ ಡಬ್ಬಿ ಮುಟ್ಟಿ" ಎಂದರು ಮನೆಯವರು. ಮೇಷ್ಟ್ರು ಟ್ಯಾಂಕಿನ ಕಡೆ ಒಮ್ಮೆ ನೋಡಿ ಪೇಪರ್ ಓದಲು ಕುಳಿತರು.

ಬೆಂಗಳೂರಿನಿಂದ ರಜಕ್ಕೆ ಬಂದ ಮೊಮ್ಮಗನದು ಇನ್ನೂ ಕಠಿಣ ಪ್ರಶ್ನೆ. ಅಂಕಿಗಳ ಪಾಠವನ್ನೆಲ್ಲ ಶ್ರದ್ಧೆಯಿಂದ ಕೇಳಿ, ರಾತ್ರಿ ಲೋಟದಲ್ಲಿ ನೆನೆಯುತ್ತಿದ್ದ ಹಲ್ಲುಸೆಟ್ಟನ್ನು ಎತ್ತಿ ತಿರುಗಿಸಿ ನೋಡಿ, "ತಾತ, ಇದು ಯಾವ ನಂಬರ್ರು?" ಎಂದ. ಅಕ್ರಿಲಿಕ್ ಕೂಡ ಪ್ಲಾಸ್ಟಿಕ್ಕೇ ಎಂಬುದು ಮೇಷ್ಟ್ರಿಗೆ ಗೊತ್ತು. ಬಾಯಲ್ಲಿ ಹಲ್ಲಿಲ್ಲದ ಕಾರಣ ಉತ್ತರ ಸ್ಪಷ್ಟವಾಗಿ ಕೇಳಿಸಲಿಲ್ಲ.

ಇಷ್ಟೆಲ್ಲ ನಕ್ಕ ಮೇಲೂ ಒಂದು ಮಾತು ಉಳಿಯುತ್ತದೆ. ಮೇಷ್ಟ್ರ ತಂಟೆ ಹೆಚ್ಚು, ಆದರೆ ತಕರಾರು ಸುಳ್ಳಲ್ಲ. ಹಾಲುಣಿಸುವ ಬಾಟಲಿಗಳಲ್ಲಿ ಬಿಸ್ಫಿನಾಲ್-ಎ ಬಳಸುವುದನ್ನು ಯುರೋಪ್ 2011ರಲ್ಲೇ ನಿಲ್ಲಿಸಿತು. ನಮ್ಮ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡವೂ 2015ರಲ್ಲಿ ಕೂಸಿನ ಬಾಟಲಿಗೆ ಪಾಲಿಕಾರ್ಬೊನೇಟ್ ಬೇಡ ಎಂದಿತು. 2016ರ ಮಾರ್ಚ್‌ನಲ್ಲಿ ಕರ್ನಾಟಕ ಪ್ಲಾಸ್ಟಿಕ್ ಕವರನ್ನು ನಿಷೇಧಿಸಿತು. ಆದೇಶ ಬಂದು ವರ್ಷಗಳೇ ಕಳೆದರೂ ಸಾಂಬಾರು ಇನ್ನೂ ಕವರಿನಲ್ಲೇ ಕುದಿಯುತ್ತಿದೆ. ಮುತ್ತುಗದೆಲೆ, ಬಾಳೆಲೆಯಲ್ಲಿ ಬಿಸಿ ಊಟ ಬಡಿಸುತ್ತಿದ್ದ ಸೀಮೆಯಿದು, ಉಪ್ಪಿನಕಾಯಿಗೆ ಜಾಡಿ ಬಿಟ್ಟು ಬೇರೆ ಪಾತ್ರೆಯೇ ಗೊತ್ತಿರಲಿಲ್ಲ.

ಮನೆಯವರ ವಾದದಲ್ಲೂ ಹುರುಳಿದೆ. ಒಣಬೇಳೆ, ಸಕ್ಕರೆ ತುಂಬಿದ ಡಬ್ಬಿಯಿಂದ ದೊಡ್ಡ ಭಯವೇನಿಲ್ಲ. ಬಿಸಿ ತಗುಲಿದಾಗ, ಎಣ್ಣೆ–ಹುಳಿ ಸೇರಿದಾಗ, ಗೀರು ಬಿದ್ದು ಹಳತಾದಾಗ ಪ್ಲಾಸ್ಟಿಕ್ ತನ್ನಲ್ಲಿರುವುದನ್ನು ಹೆಚ್ಚು ಬಿಟ್ಟುಕೊಡುತ್ತದೆ. ಆದ್ದರಿಂದ ಟ್ಯಾಂಕು ಇಳಿಸಬೇಕಿಲ್ಲ, ಹಲ್ಲು ಕೀಳಿಸಿಕೊಳ್ಳಬೇಕಿಲ್ಲ. ಸಾಂಬಾರಿಗೆ ಸ್ಟೀಲ್ ಡಬ್ಬಿ ಒಯ್ಯಿರಿ, ಉಪ್ಪಿನಕಾಯಿಯನ್ನು ಜಾಡಿಗೆ ಹಾಕಿರಿ, ಮೈಕ್ರೊವೇವ್‌ಗೆ ಗಾಜಿನ ಪಾತ್ರೆ ಇಡಿರಿ, ನೀರಿನ ಕ್ಯಾನು ಬಿಸಿಲಲ್ಲಿ ನಿಲ್ಲಿಸಬೇಡಿರಿ. ಹೋಟೆಲಿನ ಹುಡುಗ ಕವರಿಗೆ ಗಂಟು ಹಾಕುವ ಮೊದಲೇ ಅವನ ಕೈ ಹಿಡಿಯಿರಿ; ಅಷ್ಟಾದರೆ ನಿಮ್ಮೂರಿನ ಡಬ್ಬಿ ಮೇಷ್ಟ್ರಿಗೆ ಹೇಳಲು ಏನೂ ಉಳಿಯುವುದಿಲ್ಲ.